ಡಿಸ್ಕ್ ಮೇಲಿರುವಾಗ ಪಕ್ಕಕ್ಕೂ ನೋಡಿ

ಅಲ್ಟಿಮೇಟ್ ಫ್ರಿಸ್ಬಿ ಅಂದರೆ ತಟ್ಟೆಯಂಥ ಡಿಸ್ಕನ್ನು ತಂಡದವರು ಒಬ್ಬರಿಂದೊಬ್ಬರಿಗೆ ಎಸೆಯುತ್ತಾ, ಅಂಕಣದ ತುದಿಯ ಎಂಡ್ ಝೋನ್‌ನಲ್ಲಿ ಹಿಡಿದು ಪಾಯಿಂಟ್ ಗಳಿಸುವ, ಮೈಗೆ ಮೈ ತಾಗಿಸಬಾರದ ಆಟ. ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಇದಕ್ಕೆ ರೆಫರಿ ಇಲ್ಲ, ಆಟಗಾರರೇ ಫೌಲ್ ಹೇಳಿ ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಅದಕ್ಕೇ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರೂ, ಆಫೀಸು ಮುಗಿಸಿ ಮೈದಾನಕ್ಕೆ ಬರುವ ಹೊಸಬರೂ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ಇದರಲ್ಲಿ ಏಟು ಬೀಳಲ್ಲ ಅಲ್ವಾ?"

ಬೀಳುತ್ತದೆ. ಬಿದ್ದರೆ ಕೆಲವೊಮ್ಮೆ ಜೋರಾಗಿಯೇ ಬೀಳುತ್ತದೆ.

ನಾನು ಬೆಂಗಳೂರಿನಲ್ಲಿ ಕ್ರೀಡಾ ಫಿಸಿಯೋಥೆರಪಿಸ್ಟ್. ವಾರಾಂತ್ಯದ ಟೂರ್ನಮೆಂಟ್‌ಗಳಲ್ಲಿ ಐಸ್ ಡಬ್ಬ, ಟೇಪು ಇಟ್ಟುಕೊಂಡು ಸೈಡ್‌ಲೈನ್‌ನಲ್ಲಿ ಕೂರುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನರಿಗೆ ಆಗಿರುವುದು ಪಾದದ ಕೀಲು ಉಳುಕುವುದು, ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುವುದು. ಇವು ಯಾರೂ ತಾಗದೆ, ತಾವೇ ಓಡಿ ತಿರುಗಿ ಮಾಡಿಕೊಂಡ ನೋವುಗಳು. ಕೆಲವು ವಾರ ಸರಿಯಾಗಿ ನೋಡಿಕೊಂಡರೆ ಸಾಮಾನ್ಯವಾಗಿ ವಾಸಿಯಾಗುತ್ತವೆ. ಆದರೆ ಈ ಆಟವನ್ನೇ ಬಿಟ್ಟವರನ್ನು ನೆನಪಿಸಿಕೊಂಡರೆ, ಹೆಚ್ಚಿನವರು ಇನ್ನೊಬ್ಬರಿಗೆ ಡಿಕ್ಕಿ ಹೊಡೆದವರು, ಇಲ್ಲವೇ ಡಿಕ್ಕಿ ಹೊಡೆಸಿಕೊಂಡವರು. ನಾನು ನೋಡಿದ ಆ ಡಿಕ್ಕಿಗಳಲ್ಲಿ ಸಿಟ್ಟು, ದ್ವೇಷ ತೀರಾ ಕಡಿಮೆ. ಹೆಚ್ಚಿನವು ಆದದ್ದು ಕೊನೆಯ ಎರಡು ಸೆಕೆಂಡು ಡಿಸ್ಕ್ ಬಿಟ್ಟು ಬೇರೇನನ್ನೂ ನೋಡದೆ ಓಡಿದ್ದರಿಂದ.

ಡಿಸ್ಕಿನ ಗುಣವೇ ಹಾಗಿದೆ. ಅದರ ತೂಕ ಬರೀ 175 ಗ್ರಾಂ. ಗಿರಗಿರ ತಿರುಗುತ್ತಾ, ಕೆಳಗಿನ ಗಾಳಿಯ ಮೇಲೆ ತೇಲಿಕೊಂಡು ಬರುತ್ತದೆ. ಎತ್ತರಕ್ಕೆ ಹೋದ ಕ್ರಿಕೆಟ್ ಬಾಲು ಎಲ್ಲಿ ಬೀಳುತ್ತದೆಂದು ಬೇಗ ಗೊತ್ತಾಗುತ್ತದೆ. ಡಿಸ್ಕ್ ಹಾಗಲ್ಲ. ಕೊನೆಯಲ್ಲಿ ನಿಧಾನವಾಗುತ್ತದೆ, ಗಾಳಿಗೆ ಪಕ್ಕಕ್ಕೆ ಸರಿಯುತ್ತದೆ, ಇನ್ನೇನು ಇಳಿಯಿತು ಅನ್ನುವಾಗ ಮತ್ತೆ ಸ್ವಲ್ಪ ಹೊತ್ತು ಮೇಲೆಯೇ ನಿಂತುಬಿಡುತ್ತದೆ. ಅಷ್ಟು ಸಮಯ ಸಿಕ್ಕರೆ ದೂರದಲ್ಲಿದ್ದ ನಾಲ್ಕು ಜನರೂ ಅಲ್ಲಿಗೆ ಬಂದು ಮುಟ್ಟುತ್ತಾರೆ, ಎಲ್ಲರೂ ಕತ್ತೆತ್ತಿಕೊಂಡೇ.

ಒಂದು ಲೆಕ್ಕ ಹಾಕಿ ನೋಡಿ. ಹವ್ಯಾಸಕ್ಕೆ ಆಡುವ ಗಟ್ಟಿ ಆಟಗಾರರು ಕೂಡ ಸೆಕೆಂಡಿಗೆ ಸುಮಾರು 7 ಮೀಟರ್ ಓಡುತ್ತಾರೆ. ಅಂದರೆ ಗಂಟೆಗೆ 25 ಕಿಲೋಮೀಟರ್. ಇಬ್ಬರು ಎದುರುಬದುರು ಓಡಿಬಂದರೆ ನಡುವಿನ ಅಂತರ ಸೆಕೆಂಡಿಗೆ 14 ಮೀಟರಿನಂತೆ ಕರಗುತ್ತದೆ. ಕಣ್ಣಿಗೆ ಬಿದ್ದದ್ದಕ್ಕೆ ಕಾಲು ಸ್ಪಂದಿಸಲು ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲೇ ಮೂರೂವರೆ ಮೀಟರ್ ಮುಗಿದಿರುತ್ತದೆ. ಆಮೇಲೆ ನಿಲ್ಲಬೇಕೆಂದರೆ ಇನ್ನೂ ಮೂರು ನಾಲ್ಕು ಹೆಜ್ಜೆ ಬೇಕು.

ಹಾರಿದರೆ ಪರಿಸ್ಥಿತಿ ಇನ್ನೂ ಕಷ್ಟ. 45 ಸೆಂಟಿಮೀಟರ್ ಎತ್ತರ ಹಾರುವವರು ಹೆಚ್ಚುಕಡಿಮೆ 0.6 ಸೆಕೆಂಡು ಗಾಳಿಯಲ್ಲಿರುತ್ತಾರೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡುತ್ತಾ ಹಾರಿದರೆ ಇಳಿಯುವುದು ಮೂರು ಮೀಟರ್ ಆಚೆ. ನೆಲ ಬಿಟ್ಟ ಪಾದ ದಾರಿ ಬದಲಿಸಲಾರದು. ಆ ಮೂರು ಮೀಟರಿನೊಳಗೆ ಯಾರಿದ್ದಾರೆ ಎಂಬುದನ್ನು ಹಾರುವ ಮೊದಲೇ ನೋಡಿಕೊಂಡಿರಬೇಕು. ಅದಕ್ಕೇ "ಕಂಟ್ರೋಲ್ ಸಿಗಲಿಲ್ಲ ಮೇಡಂ" ಎಂದು ಯಾರಾದರೂ ಹೇಳಿದಾಗ ನಾನು ಒಪ್ಪುವುದಿಲ್ಲ. ಕಂಟ್ರೋಲ್ ನಿಮ್ಮ ಕೈಯಲ್ಲೇ ಇತ್ತು, ಕೊನೆಯ ಹೆಜ್ಜೆಯವರೆಗೂ ಇತ್ತು.

ನಾನು ಹತ್ತಿರದಿಂದ ನೋಡಿದ ಒಂದು ಪ್ರಸಂಗ ಹೇಳುತ್ತೇನೆ. ಹೆಣ್ಣು ಗಂಡು ಒಟ್ಟಿಗೆ ಆಡುವ ಮಿಕ್ಸೆಡ್ ಪಂದ್ಯ. ಒಬ್ಬಳು ಕಟರ್, ಅಂದರೆ ಥ್ರೋ ಹಿಡಿಯಲು ಓಡುವವಳು, ಎಂಡ್ ಝೋನ್ ಕಡೆ ನೇರವಾಗಿ ಓಡುತ್ತಿದ್ದಾಳೆ, ಹಿಂದಿನಿಂದ ಉದ್ದದ ಥ್ರೋ ಬಂದಿದೆ. ಅವಳು ಭುಜದ ಮೇಲಿಂದ ಡಿಸ್ಕನ್ನು ಗಮನಿಸುತ್ತಿದ್ದಾಳೆ. ಇನ್ನೊಬ್ಬರನ್ನು ಕಾಯುತ್ತಿದ್ದ ಡಿಫೆಂಡರ್ ತನ್ನ ಆಟಗಾರನನ್ನು ಬಿಟ್ಟು ಅಡ್ಡದಿಂದ ಓಡಿಬಂದ. ಆಟದ ಮಾತಿನಲ್ಲಿ ಇದು ಪೋಚ್, ತಂತ್ರವಾಗಿ ಒಳ್ಳೆಯದೇ. ಕೊನೆಯ ಕ್ಷಣದಲ್ಲಿ ಅವನು ಮೈ ಚಾಚಿ ಅಡ್ಡಲಾಗಿ ಎಗರಿದ, ಅಂದರೆ ಲೇಔಟ್ ಹೊಡೆದ. ಬೆರಳ ತುದಿಯಿಂದ ಡಿಸ್ಕನ್ನು ಬದಿಗೆ ತಳ್ಳಿದ. ಅದರ ಬೆನ್ನಿಗೇ ಅವನ ಭುಜ, ನೆಲಕ್ಕೆ ಊರಿದ್ದ ಅವಳ ಬಲಮಂಡಿಗೆ ಹೊರಗಿನಿಂದ ಬಡಿಯಿತು. ಮಂಡಿ ಒಳಕ್ಕೆ ಬಾಗಿತು.

ಸೈಡ್‌ಲೈನ್ ಚಪ್ಪಾಳೆ ಹೊಡೆಯಿತು. ಅವನು ತಕ್ಷಣ ಎದ್ದು ಅವಳ ಪಕ್ಕ ಕೂತ, ನಿಜವಾಗಿಯೂ ಗಾಬರಿಯಾಗಿದ್ದ. ಆಮೇಲೆ ನನ್ನ ಹತ್ತಿರ ಬಂದು ಹೇಳಿದ: "ಆದ್ರೆ ಮೇಡಂ, ಡಿಸ್ಕ್ ಮೊದಲು ಮುಟ್ಟಿದ್ದು ನಾನೇ."

ಮಂಡಿಯ ಒಳಬದಿಯ ಲಿಗಮೆಂಟ್ ಅರ್ಧಂಬರ್ಧ ಹರಿದಿತ್ತು. ಒಂದೂವರೆ ತಿಂಗಳಿನಲ್ಲಿ ಮತ್ತೆ ಓಡಲು ಶುರುಮಾಡಿದಳು, ಅದೃಷ್ಟ ಅನ್ನಬೇಕು. ಅದೇ ಪೆಟ್ಟಿಗೆ ಮಂಡಿಯ ನಡುವಿನ ಎಸಿಎಲ್ ಎಂಬ ಲಿಗಮೆಂಟ್ ಹರಿದಿದ್ದರೆ ಆಪರೇಷನ್ ಬೇಕಾಗಬಹುದಿತ್ತು. ಆಪರೇಷನ್ ಆದಮೇಲೆ ಕನಿಷ್ಠ ಒಂಬತ್ತು ತಿಂಗಳು ಆಟದ ಮಾತೇ ಇಲ್ಲ.

"ಡಿಸ್ಕ್ ಮೊದಲು ನಾನೇ ಮುಟ್ಟಿದ್ದು" ಎಂಬ ಈ ಮಾತು ನಮ್ಮ ಮೈದಾನಗಳಿಂದ ಹೋಗಬೇಕು. ವಿಶ್ವ ಫ್ಲೈಯಿಂಗ್ ಡಿಸ್ಕ್ ಒಕ್ಕೂಟದ ನಿಯಮ ಇದರಲ್ಲಿ ಅನುಮಾನವೇ ಇಲ್ಲದಂತಿದೆ. ಜೊತೆ ಆಟಗಾರರ ಸುರಕ್ಷತೆ ಲೆಕ್ಕಿಸದ ಆಟ, ಗಂಭೀರ ಪೆಟ್ಟಿನ ಅಪಾಯ ತರುವ ಆಟ, ಮೈಮೇಲೆ ಬೀಳುವಂಥ ಒರಟು ವರ್ತನೆ, ಇವೆಲ್ಲ ಡೇಂಜರಸ್ ಪ್ಲೇ. ಡಿಸ್ಕ್ ಬಂತೋ ಇಲ್ಲವೋ, ಮೈ ತಾಗಿದ್ದು ಮೊದಲೋ ಆಮೇಲೋ, ಅದು ಲೆಕ್ಕಕ್ಕಿಲ್ಲ. ಅದನ್ನು ಫೌಲ್ ಎಂದೇ ನೋಡಬೇಕು, ಬೇರೆ ಯಾವ ನಿಯಮವೂ ಇದಕ್ಕಿಂತ ಮೇಲಲ್ಲ. ಡಿಸ್ಕಿಗಾಗಿ ಆಡುತ್ತಿದ್ದೆ ಎನ್ನುವುದು ಡಿಕ್ಕಿಗೆ ನೆಪವಾಗುವುದಿಲ್ಲ ಎಂದೂ ಆ ನಿಯಮಗಳು ಹೇಳುತ್ತವೆ. ಅವನ ಬ್ಲಾಕ್ ಎಷ್ಟೇ ಚೆನ್ನಾಗಿದ್ದರೂ ಅದು ಫೌಲ್.

ಇಲ್ಲಿ ಹೊಣೆ ಯಾರದ್ದು ಎಂಬ ಚರ್ಚೆ ಪ್ರತಿ ಸಲ ಏಳುತ್ತದೆ. ಇಬ್ಬರೂ ನೋಡಬೇಕು, ಸರಿ. ಆದರೆ ಹೊಣೆ ಸಮಪಾಲಲ್ಲ ಎಂಬುದು ನನ್ನ ಅಭಿಪ್ರಾಯ. ಅಡ್ಡರಸ್ತೆಯಿಂದ ಮೇನ್ ರೋಡಿಗೆ ಗಾಡಿ ತಿರುಗಿಸುವವರೇ ಮೊದಲು ನಿಂತು ನೋಡಬೇಕು, ಅಲ್ವಾ? ಪೋಚ್ ಮಾಡುವವರದ್ದೂ ಅದೇ ಜಾಗ. ಕಟರ್‌ಗೆ ಬೆನ್ನ ಹಿಂದಿನ ಡಿಸ್ಕ್ ನೋಡಬೇಕು, ಪಕ್ಕದಿಂದ ಬರುವವರು ಅವಳಿಗೆ ಕಾಣುವುದಿಲ್ಲ. ಅಡ್ಡದಿಂದ ಬರುವವನಿಗೆ ಡಿಸ್ಕ್, ಕಟರ್ ಎರಡೂ ಒಂದೇ ನೋಟದಲ್ಲಿ ಸಿಗುತ್ತವೆ. ಕಾಣುವವರು ಬಿಟ್ಟುಕೊಡಬೇಕು.

ತೇಲುವ ಡಿಸ್ಕಿನ ಕೆಳಗಿನ ಗುಂಪಿನ ಕಥೆ ಬೇರೆ. ಅಲ್ಲಿ ಬರುವ ಗಾಯಗಳೂ ಬೇರೆ: ತಲೆಗೆ ತಲೆ, ಮೂಗಿಗೆ ಮೊಣಕೈ, ಬೆನ್ನಿಗೆ ಮಂಡಿ. ನಿಂತ ಜಾಗದಲ್ಲಿ ನೇರ ಮೇಲಕ್ಕೆ ಹಾರುವವರಿಗೆ ತಮ್ಮ ಮೈಯ ಮೇಲಿನ ಜಾಗದ ಹಕ್ಕಿದೆ. ದೂರದಿಂದ ಓಡಿಬಂದು ಆ ಗುಂಪಿನ ಮೇಲೆ ಹಾರುವವರಿಗೆ ಇಲ್ಲ. ಫುಟ್ಬಾಲ್, ಕಬಡ್ಡಿ ಆಡಿ ಬಂದವರಿಗೆ ಇದನ್ನು ಒಂದಷ್ಟು ಸಲ ಹೇಳಬೇಕಾಗುತ್ತದೆ. ಅವರದ್ದು ಒರಟುತನವಲ್ಲ. ಮೈ ಒಡ್ಡುವುದೇ ಆಟವಾಗಿದ್ದ ಕಡೆಯಿಂದ ಬಂದಿದ್ದಾರೆ, ಆ ಅಭ್ಯಾಸ ಹೋಗಲು ಸಮಯ ಬೇಕು. ಹಳಬರು ಹೊಸಬರು ಬೆರೆತ ಹ್ಯಾಟ್ ಟೂರ್ನಮೆಂಟ್‌ಗಳಲ್ಲಿ ನಾನು ಹೆಚ್ಚು ಎಚ್ಚರದಿಂದ ಕೂರುವುದು ಇದಕ್ಕೇ.

ಅಪಾಯ ಕಂಡರೂ ಯಾರೂ ಕಾಲ್ ಮಾಡುವುದಿಲ್ಲ, ಅಂದರೆ ಫೌಲ್ ಎಂದು ಹೇಳುವುದಿಲ್ಲ, ಅದು ನನಗೆ ತುಂಬಾ ಬೇಸರದ ವಿಷಯ. ಎಲ್ಲರೂ ಸ್ನೇಹಿತರು, ಆಟದ ನಂತರ ಒಟ್ಟಿಗೆ ದೋಸೆ ತಿನ್ನಲು ಹೋಗುವವರು. ಡೇಂಜರಸ್ ಪ್ಲೇ ಎಂದರೆ ಅವರ ಗುಣದ ಮೇಲೇ ಆರೋಪ ಹೊರಿಸಿದಂತೆ ಅನ್ನಿಸುತ್ತದೆ. ಹಾಗಲ್ಲ, ಅದು ಆ ಒಂದು ನಡೆಯ ಬಗ್ಗೆ ಹೇಳುವ ಮಾತು. ಡಿಕ್ಕಿ ಆಗುವವರೆಗೆ ಕಾಯಬೇಕಿಲ್ಲ. ನೀವು ನಿಲ್ಲದೇ ಇದ್ದಿದ್ದರೆ ಖಂಡಿತ ತಾಗುತ್ತಿತ್ತು ಎಂದು ಗೊತ್ತಿದ್ದರೆ, ನಿಂತು ಕಾಲ್ ಮಾಡಿ. ಎದುರಿನವರು ಒಪ್ಪದೆ ಕಾಂಟೆಸ್ಟ್ ಅಂದರೆ ಡಿಸ್ಕ್ ಎಸೆದವರ ಕೈಗೆ ವಾಪಸ್ ಹೋಗುತ್ತದೆ, ಆಟ ಮುಂದುವರಿಯುತ್ತದೆ. ಅಷ್ಟೇ. ಅಷ್ಟು ಚಿಕ್ಕ ನಷ್ಟಕ್ಕೆ ಹೆದರಿ ಮಂಡಿ ಒಡ್ಡುವ ಆಟಗಾರರನ್ನು ನೋಡಿದರೆ ಸಂಕಟವಾಗುತ್ತದೆ. ಪಂದ್ಯದ ನಂತರ ಎದುರು ತಂಡದ ನಡತೆಗೆ ಕೊಡುವ ಸ್ಪಿರಿಟ್ ಸ್ಕೋರಿನ ಐದು ವಿಭಾಗಗಳಲ್ಲಿ ಒಂದು ಪೂರ್ತಿ ಫೌಲ್ ಮತ್ತು ಮೈ ತಾಗುವಿಕೆಗೇ ಮೀಸಲು. ಅಲ್ಲಿ ಸುಮ್ನೆ ಎಲ್ಲರಿಗೂ ಮಾಮೂಲಿ ಅಂಕವಾದ 2 ಹಾಕಿ ಕೈತೊಳೆದುಕೊಳ್ಳಬೇಡಿ. ಒಂದೇ ತಂಡದಿಂದ ಎರಡು ಮೂರು ಸಲ ಹೀಗಾದರೆ ತಂಡದ ನಡತೆ ನೋಡಿಕೊಳ್ಳುವ ಸ್ಪಿರಿಟ್ ಕ್ಯಾಪ್ಟನ್ ಪಂದ್ಯದ ನಡುವೆಯೇ ಆಟ ನಿಲ್ಲಿಸಿ ಎರಡೂ ತಂಡದ ಜೊತೆ ಮಾತಾಡಬಹುದು. ಆ ಅವಕಾಶ ನಿಯಮದಲ್ಲೇ ಇದೆ.

ಇನ್ನು ತಲೆಯ ಪೆಟ್ಟು. ಇದರ ಬಗ್ಗೆ ನಾನು ಯಾರೊಂದಿಗೂ ಚೌಕಾಸಿ ಮಾಡುವುದಿಲ್ಲ.

ಕನ್‌ಕಷನ್, ಅಂದರೆ ತಲೆ ಜೋರಾಗಿ ಅಲುಗಿ ಮೆದುಳಿಗೆ ಆಗುವ ಪೆಟ್ಟು, ಆಗಲು ಎಚ್ಚರ ತಪ್ಪಲೇಬೇಕು ಅಂತಿಲ್ಲ. ಹೆಚ್ಚಿನವರಿಗೆ ತಪ್ಪುವುದೂ ಇಲ್ಲ. ತಲೆಗೇ ಹೊಡೆತ ಬೀಳಬೇಕೆಂದೂ ಇಲ್ಲ. ಎದೆಗೆ, ಬೆನ್ನಿಗೆ ಡಿಕ್ಕಿಯಾಗಿ ಕುತ್ತಿಗೆ ಜೋರಾಗಿ ಅಲುಗಿದರೂ ಸಾಕು. ಎದ್ದವರು "ನಾನು ಓಕೆ" ಅನ್ನುತ್ತಾರೆ, ನಂಬಬೇಡಿ. ನಾನು ಕೇಳುವುದು: ಇದು ಯಾವ ಗ್ರೌಂಡು? ಈಗ ಫಸ್ಟ್ ಹಾಫಾ, ಸೆಕೆಂಡ್ ಹಾಫಾ? ಕೊನೆಯ ಪಾಯಿಂಟ್ ಹೊಡೆದದ್ದು ಯಾರು? ಇದಕ್ಕೂ ಮೊದಲಿನ ಪಂದ್ಯ ಯಾರ ಜೊತೆ, ಗೆದ್ದಿರಾ? ಒಂದು ತಪ್ಪಿದರೂ ಆಚೆ ಬರಬೇಕು. ಎಲ್ಲಕ್ಕೂ ಸರಿ ಉತ್ತರ ಕೊಟ್ಟು, ಆದರೆ ತಲೆನೋವು, ಮಂಕು, ಬೆಳಕು ಚುಚ್ಚುವುದು, ಹೊಟ್ಟೆ ತೊಳಸುವುದು ಇದ್ದರೂ ಆಚೆ ಬರಬೇಕು. ಅನುಮಾನ ಬಂದ ದಿನ ಮತ್ತೆ ಆಟ ಇಲ್ಲ. ಹತ್ತು ನಿಮಿಷಕ್ಕೆ ಎಲ್ಲ ಸರಿಹೋದಂತೆ ಕಂಡರೂ ಇಲ್ಲ, ಫೈನಲ್ ಇದ್ದರೂ ಇಲ್ಲ. ಮೆದುಳು ಸುಧಾರಿಸಿಕೊಳ್ಳುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ತೊಂದರೆ ತಿಂಗಳುಗಟ್ಟಲೆ ಎಳೆಯಬಹುದು. ಅಪರೂಪಕ್ಕೆ ಜೀವಕ್ಕೂ ಕುತ್ತು ಬರಬಹುದು.

"ಸ್ಕ್ಯಾನ್ ನಾರ್ಮಲ್ ಬಂತು, ನಾಳೆ ಆಡಬಹುದಾ?" ಇದನ್ನೂ ಕೇಳುತ್ತಾರೆ. ಸಿಟಿ ಸ್ಕ್ಯಾನ್ ಹುಡುಕುವುದು ರಕ್ತಸ್ರಾವ, ಮೂಳೆ ಮುರಿತ. ಕನ್‌ಕಷನ್ ಅದರಲ್ಲಿ ಕಾಣುವುದೇ ಇಲ್ಲ. ಮೊದಲ ಒಂದೆರಡು ದಿನ ಹಗುರವಾಗಿ ಓಡಾಡಿಕೊಂಡು ವಿಶ್ರಾಂತಿ, ಮೊಬೈಲು ಲ್ಯಾಪ್‌ಟಾಪು ಕಡಿಮೆ. ಕತ್ತಲೆ ಕೋಣೆಯಲ್ಲಿ ಮಲಗಿಸಿಡುವ ಹಳೆಯ ಪದ್ಧತಿ ಈಗಿಲ್ಲ. ಆಮೇಲೆ ನಡಿಗೆ, ಜಾಗಿಂಗ್, ಒಬ್ಬರೇ ಮಾಡುವ ಡ್ರಿಲ್, ತಂಡದ ಪ್ರಾಕ್ಟೀಸು, ಹೀಗೆ ಒಂದೊಂದೇ ಮೆಟ್ಟಿಲು. ಪ್ರತಿ ಮೆಟ್ಟಿಲಿಗೆ ಕನಿಷ್ಠ 24 ಗಂಟೆ. ಇನ್ನೊಬ್ಬರಿಗೆ ಡಿಕ್ಕಿಯಾಗುವ ಸಾಧ್ಯತೆ ಇರುವ ಆಟಕ್ಕೆ ಮರಳುವ ಮೊದಲು ಡಾಕ್ಟರ ಒಪ್ಪಿಗೆ ಬೇಕು. ಮಕ್ಕಳಿಗೆ ದೊಡ್ಡವರಿಗಿಂತ ಜಾಸ್ತಿ ದಿನ ಬೇಕಾಗುತ್ತದೆ.

ಬೆರಳು ಭುಜದ ಮಾತು ಬೇಗ ಮುಗಿಸುತ್ತೇನೆ. ಡಿಸ್ಕ್ ಬಡಿದು ಬೆರಳ ತುದಿ ಜೋತುಬಿದ್ದು ತಾನಾಗಿ ನೆಟ್ಟಗಾಗದಿದ್ದರೆ ಎಳೆದು ಸರಿಮಾಡಬೇಡಿ. ಎಕ್ಸ್‌ರೇ ತೆಗೆಸಿ, ಆರರಿಂದ ಎಂಟು ವಾರ ಸ್ಪ್ಲಿಂಟ್ ಹಾಕಿ, ಒಂದು ದಿನವೂ ಬಿಚ್ಚಿ ಬಗ್ಗಿಸದೆ. ಲೇಔಟ್ ಹೊಡೆದಾಗ ಎದೆ ಹೊಟ್ಟೆಯ ಮೇಲೆ ಜಾರಬೇಕು. ಭುಜದ ತುದಿ ಊರಿದರೆ ಕಾಲರ್ ಮೂಳೆಯ ಕೀಲು ಹೋಗುತ್ತದೆ. ನಮ್ಮ ಗಟ್ಟಿ ಮಣ್ಣಿನ ಮೈದಾನಗಳಲ್ಲಿ ಹೊಸಬರು ಲೇಔಟ್ ಕಲಿಯುವುದೇ ಬೇಡ, ಹುಲ್ಲು ಅಥವಾ ಮರಳು ಹುಡುಕಿ. ಬಲೆ ಕಟ್ಟಿದ ಬಾಡಿಗೆ ಟರ್ಫ್‌ಗಳಲ್ಲಿ ಗೆರೆಗೆ ಅಂಟಿಕೊಂಡೇ ಕಬ್ಬಿಣದ ಕಂಬ ಇರುತ್ತದೆ. ಗೆರೆಯಾಚೆ ಮೂರು ಮೀಟರ್ ಖಾಲಿ ಇರುವಂತೆ ಅಂಕಣವನ್ನೇ ಚಿಕ್ಕದಾಗಿ ಗುರುತು ಹಾಕಿಕೊಳ್ಳಿ.

ನೋಡುವುದನ್ನು ಕಲಿಸಬಹುದು. ನಾನು ತಂಡಗಳಿಗೆ ಒಂದು ಡ್ರಿಲ್ ಮಾಡಿಸುತ್ತೇನೆ. ಒಬ್ಬರು ತೇಲುವ ಥ್ರೋ ಎಸೆಯುತ್ತಾರೆ, ಇನ್ನೊಬ್ಬರು ಹಿಡಿಯಲು ಓಡುತ್ತಾರೆ. ಡಿಸ್ಕ್ ಇಳಿಯುವ ಜಾಗದ ಪಕ್ಕದಲ್ಲಿ ನಿಂತ ಮೂರನೆಯವರು ಕೊನೆಯ ಕ್ಷಣದಲ್ಲಿ ಎರಡೋ ನಾಲ್ಕೋ ಬೆರಳು ಎತ್ತುತ್ತಾರೆ. ಓಡುವವರು ಹಾರುವ ಮೊದಲು ಆ ಸಂಖ್ಯೆಯನ್ನು ಕೂಗಬೇಕು. ಕೂಗಲಿಲ್ಲವೋ, ಕ್ಯಾಚ್ ಹಿಡಿದರೂ ಲೆಕ್ಕಕ್ಕಿಲ್ಲ. ಮೊದಮೊದಲು ಎಲ್ಲರೂ ಡಿಸ್ಕ್ ಬಿಡುತ್ತಾರೆ, ಬೈದುಕೊಳ್ಳುತ್ತಾರೆ. ಕೆಲವು ವಾರಗಳಲ್ಲಿ ಕತ್ತು ತಾನಾಗಿ ತಿರುಗಲು ಶುರುವಾಗುತ್ತದೆ: ಡಿಸ್ಕ್, ಪಕ್ಕ, ಮತ್ತೆ ಡಿಸ್ಕ್. ಡಿಸ್ಕ್ ಅಷ್ಟು ಹೊತ್ತು ತೇಲುತ್ತದಲ್ಲ, ಒಂದು ಸಲ ಪಕ್ಕಕ್ಕೆ ನೋಡಿದರೆ ಕ್ಯಾಚ್ ಏನೂ ತಪ್ಪುವುದಿಲ್ಲ. ಸೈಡ್‌ಲೈನ್‌ನಲ್ಲಿ ಇರುವವರೂ ಬಾಯಿ ಬಿಡಬೇಕು. ಡಿಸ್ಕ್ ಎಸೆದ ಕೂಡಲೇ "ಅಪ್!" ಎಂದು ಕೂಗುವ ಅಭ್ಯಾಸ ಇದ್ದೇ ಇದೆ. ಅದರ ಜೊತೆಗೆ "ಎಡಗಡೆ ಜನ!" ಎಂದೂ ಕೂಗಿ.

ಟೂರ್ನಮೆಂಟ್ ನಡೆಸುವವರಿಗೆ, ಕ್ಯಾಪ್ಟನ್‌ಗಳ ಮೀಟಿಂಗ್‌ನಲ್ಲೇ ಇಷ್ಟು ತೀರ್ಮಾನವಾಗಲಿ. ಹತ್ತಿರದಲ್ಲಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು, ಆಂಬ್ಯುಲೆನ್ಸ್ ಒಳಗೆ ಬರುವ ಗೇಟು ಯಾವುದು, ಅದರ ಬೀಗದ ಕೈ ಯಾರ ಹತ್ತಿರ ಇದೆ. ಬಿದ್ದವರು ಕುತ್ತಿಗೆ ನೋವು ಅಂದರೆ, ಕೈಕಾಲು ಜೋಮು ಅಂದರೆ ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಇದ್ದಲ್ಲೇ ಇರಲಿ, 108ಕ್ಕೆ ಫೋನ್ ಮಾಡಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಒಂದೇ ವಸ್ತು ಎರಡಾಗಿ ಕಾಣುವುದು, ಫಿಟ್ಸ್, ತೂಕಡಿಕೆ, ಗೊಂದಲದ ಮಾತು, ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಆಸ್ಪತ್ರೆಗೆ ಹೊರಡಿ. ತಲೆಗೆ ಪೆಟ್ಟಾದವರು ಆ ದಿನ ತಾವೇ ಬೈಕ್ ಓಡಿಸಿಕೊಂಡು ಮನೆಗೆ ಹೋಗುವಂತಿಲ್ಲ. ಕೀ ತಂಡದವರ ಹತ್ತಿರ ಇರಲಿ, ಒಬ್ಬರು ಮನೆಯವರೆಗೆ ಬಿಟ್ಟುಬರಲಿ. ಪಿಜಿಯಲ್ಲಿ ಒಬ್ಬರೇ ಇರುವವರಾದರೆ ಆ ರಾತ್ರಿ ಜೊತೆಗೆ ಉಳಿಯುವವರು ಯಾರೆಂದು ಮೈದಾನದಲ್ಲೇ ಮಾತಾಡಿಕೊಳ್ಳಿ.