ಮಜಲ್ ಬ್ರೇಕ್‌ನಲ್ಲಿ ಕಟ್ಟುವ ಮಸಿ: ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬಹುದು?

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿದ್ದೇನೆ. ಗುರಿ ಅಭ್ಯಾಸಕ್ಕೆಂದು .308 ವಿಂಚೆಸ್ಟರ್ ಕಾಡತೂಸಿನ ಬೋಲ್ಟ್ ಆ್ಯಕ್ಷನ್ ರೈಫಲ್ ಇಟ್ಟುಕೊಂಡಿದ್ದೇನೆ. ಅದರ ನಳಿಗೆಯ ತುದಿಗೆ ತಿರುಗಿಸಿ ಕೂರಿಸಿದ, ಒದೆತ ತಗ್ಗಿಸುವ ಮಜಲ್ ಬ್ರೇಕ್‌ನ ಕಿಂಡಿಗಳ ಒಳಗೆ ಕಲ್ಲಿನಷ್ಟು ಗಟ್ಟಿಯಾದ ಕಪ್ಪು ಪದರ ಕಟ್ಟಿದ್ದು, ಬಟ್ಟೆಗೂ ಬ್ರಷ್‌ಗೂ ಬಗ್ಗುತ್ತಿಲ್ಲ. ಇದರಿಂದ ಗುರಿ ಕೆಡುತ್ತದೆಯೇ? ಇದನ್ನು ತೆಗೆಯುವುದು ಹೇಗೆ?

ಉತ್ತರ: ಕಿಂಡಿಗಳ ಒಳಗೋಡೆಗೆ ಅಂಟಿದ ಮಸಿಯಿಂದ ನಿಮ್ಮ ಗುರಿ ಕೆಡುವ ಸಂಭವ ಬಹಳ ಕಡಿಮೆ. ಆದರೆ ಅದೇ ಮಸಿಯ ಒಂದು ಚೂರು ಬ್ರೇಕ್‌ನ ಹಿಂಬದಿಗೂ ನಳಿಗೆಯ ಭುಜಕ್ಕೂ (ಬ್ರೇಕ್ ಆನಿಕೊಂಡು ಕೂರುವ ಮೆಟ್ಟಿಲಿನಂತಹ ಅಂಚು) ನಡುವೆ ಸಿಕ್ಕಿಕೊಂಡರೆ ಗುರಿಯ ಜೊತೆಗೆ ಬ್ರೇಕ್ ಕೂಡ ಹಾಳಾಗಬಹುದು. ಕಣ್ಣಿಗೆ ಎದ್ದು ಕಾಣುವ ಮಸಿ ಹೆಚ್ಚಾಗಿ ನಿರುಪದ್ರವಿ. ಬ್ರೇಕ್ ಬಿಚ್ಚಿದಾಗ ಮಾತ್ರ ಕಾಣುವ ಮಸಿಯೇ ಗಮನಿಸಬೇಕಾದದ್ದು. ನಾನು ಕಂಡಂತೆ ಮಸಿಯಿಂದ ಕೆಟ್ಟ ರೈಫಲ್‌ಗಳಿಗಿಂತ ಮಸಿಯನ್ನು ಕೆರೆದು ಕೆಡಿಸಿದ ರೈಫಲ್‌ಗಳೇ ಹೆಚ್ಚು.

ಮೊದಲು ಈ ಪದರ ಏನೆಂದು ತಿಳಿಯೋಣ. ಒಂದು .308 ಕಾಡತೂಸಿನಲ್ಲಿ ಸುಮಾರು 3 ಗ್ರಾಂ ಹೊಗೆರಹಿತ ಮದ್ದು ಇರುತ್ತದೆ. ಅದರ ಮುಖ್ಯ ಭಾಗವಾದ ನೈಟ್ರೊಸೆಲ್ಯುಲೋಸ್‌ನಲ್ಲಿ ಪೂರ್ತಿಯಾಗಿ ಉರಿಯುವುದಕ್ಕೆ ಸಾಲುವಷ್ಟು ಆಮ್ಲಜನಕ ಇರುವುದಿಲ್ಲವಾದ್ದರಿಂದ ಸ್ವಲ್ಪ ಇಂಗಾಲ ಮಸಿಯಾಗಿಯೇ ಉಳಿಯುತ್ತದೆ. ಮದ್ದಿನ ಕಾಳುಗಳಿಗೆ ಬಳಿದಿರುವ ಗ್ರಾಫೈಟ್ ಕೂಡ ಅದಕ್ಕೆ ಸೇರುತ್ತದೆ. ಮದ್ದಿಗೆ ಕಿಡಿ ಹೊತ್ತಿಸುವ ಸಾಮಾನ್ಯ ಪ್ರೈಮರ್‌ನಿಂದ ಸೀಸ, ಬೇರಿಯಂ, ಆಂಟಿಮನಿಗಳ ಅಂಶವೂ, ಗುಂಡಿನ ಹೊದಿಕೆಯಿಂದ ತಾಮ್ರದ ಕಣಗಳೂ ಬರುತ್ತವೆ. ತಳದಲ್ಲಿ ಹೊದಿಕೆಯಿಲ್ಲದ ಗುಂಡಾದರೆ ಬಿಸಿ ಅನಿಲವು ಆ ತಳದ ಸೀಸವನ್ನೂ ಕರಗಿಸಿ ಹೊತ್ತು ತರುತ್ತದೆ. ಹಾಗಾಗಿ ನಾವು ಮಸಿ ಎಂದು ಕರೆಯುವ ಪದರದಲ್ಲಿ ಇಂಗಾಲದ ಜೊತೆ ಲೋಹವೂ ಇರುತ್ತದೆ, ಅದರಲ್ಲಿನ ಸೀಸ ವಿಷ.

ಗುಂಡು ನಳಿಗೆಯ ಬಾಯಿ ದಾಟಿದ ಕೂಡಲೇ ಹಿಂದಿನಿಂದ ನುಗ್ಗಿ ಬರುವ ಅನಿಲವು ಬ್ರೇಕ್‌ನ ಮೊದಲ ಅಡ್ಡಗೋಡೆಗೆ ಬಡಿದು ಪಕ್ಕದ ಕಿಂಡಿಗಳಿಗೆ ತಿರುಗುತ್ತದೆ. ಆ ಬಡಿತವೇ ರೈಫಲನ್ನು ಮುಂದಕ್ಕೆ ಎಳೆದು, ನಿಮ್ಮ ಭುಜಕ್ಕೆ ಬೀಳುವ ಒದೆತವನ್ನು ತಗ್ಗಿಸುತ್ತದೆ. ಬ್ರೇಕ್ ಅತಿ ಹೆಚ್ಚು ಕೆಲಸ ಮಾಡುವ ಜಾಗದಲ್ಲಿಯೇ, ಅಂದರೆ ಮೊದಲ ಅಡ್ಡಗೋಡೆಯ ನಳಿಗೆಯ ಕಡೆಗಿನ ಮುಖದಲ್ಲಿ, ಪದರ ಅತಿ ದಪ್ಪವಾಗಿರುವುದಕ್ಕೆ ಇದೇ ಕಾರಣ. ಅಲ್ಲಿ ಕೂತ ಮೆತ್ತನೆಯ ಮಸಿಯನ್ನು ಮುಂದಿನ ಗುಂಡಿನ ಬಿಸಿ ಸುಟ್ಟು ಗಟ್ಟಿ ಮಾಡುತ್ತದೆ. ಹಾಗೆಂದು ಅದು ಕೊನೆಯಿಲ್ಲದೆ ಬೆಳೆಯುವುದೂ ಇಲ್ಲ. ನಿಮ್ಮದರಂತಹ ಸೆಂಟರ್‌ಫೈರ್ (ಕಾಡತೂಸಿನ ತಳದ ನಡುವೆ ಪ್ರೈಮರ್ ಇರುವ) ರೈಫಲ್‌ಗಳಲ್ಲಿ, ಸೌದೆ ಒಲೆಯ ಮೇಲಿನ ನೀರಿನ ಹಂಡೆಯ ತಳದ ಮಸಿ ಚಕ್ಕೆಯೆದ್ದು ಉದುರುವಂತೆ, ಒಂದು ದಪ್ಪ ಮುಟ್ಟಿದ ಮೇಲೆ ಅನಿಲದ ರಭಸವೇ ಮೇಲಿನ ಪದರವನ್ನು ಕಿತ್ತು ಒಗೆಯುತ್ತದೆ.

ಈಗ ಗುರಿಯ ವಿಚಾರ. .308 ಗುಂಡಿನ ವ್ಯಾಸ 7.82 ಮಿಲಿಮೀಟರ್. ಬ್ರೇಕ್‌ನ ನಡುವಿನ ರಂಧ್ರವನ್ನು ಸಾಮಾನ್ಯವಾಗಿ ಅದಕ್ಕಿಂತ ಅರ್ಧ ಮಿಲಿಮೀಟರ್‌ನಷ್ಟು ದೊಡ್ಡದಾಗಿ ಕೊರೆದಿರುತ್ತಾರೆ. ಅಂದರೆ ಗುಂಡಿನ ಸುತ್ತ ಎಲ್ಲ ಕಡೆ ಉಳಿಯುವ ಜಾಗ ಕಾಲು ಮಿಲಿಮೀಟರ್ ಮಾತ್ರ. ಇದನ್ನು ನೆನಪಿನಲ್ಲಿಟ್ಟುಕೊಂಡು ಬ್ರೇಕ್ ಕೂರುವ ಭುಜವನ್ನು ನೋಡಿ. ನಿಮ್ಮ ಕಾಡತೂಸಿನ ರೈಫಲ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 5/8 ಇಂಚಿನ, ಇಂಚಿಗೆ 24 ಸುತ್ತಿನ ಥ್ರೆಡ್. ಆ ಥ್ರೆಡ್‌ನ ಕೊನೆಯಲ್ಲಿರುವ ಭುಜದ ಹೊರವ್ಯಾಸ 22 ಮಿಲಿಮೀಟರ್, ಬ್ರೇಕ್‌ನ ಉದ್ದ 60 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. ಭುಜದ ಒಂದು ಬದಿಯಲ್ಲಿ 0.05 ಮಿಲಿಮೀಟರ್ ದಪ್ಪದ, ಅಂದರೆ ಒಂದು ತೆಳು ಕೂದಲಿನಷ್ಟು, ಮಸಿಯ ಚೂರು ಸಿಕ್ಕಿ ಬ್ರೇಕ್ ಅಷ್ಟರಮಟ್ಟಿಗೆ ಓರೆಯಾದರೆ ಅದರ ತುದಿ ಸುಮಾರು 0.14 ಮಿಲಿಮೀಟರ್ ಸರಿಯುತ್ತದೆ. ಇದ್ದ ಕಾಲು ಮಿಲಿಮೀಟರ್ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯಿತು. ಥ್ರೆಡ್ ಮೊದಲೇ ತುಸು ಓರೆಯಾಗಿದ್ದರೆ ಉಳಿದದ್ದೂ ಹೋಗಿ, ಗುಂಡು ಬ್ರೇಕ್‌ಗೆ ಉಜ್ಜಬಹುದು. ಕಿಂಡಿಯ ಗೋಡೆಯಲ್ಲಿ ಅದರ ಹತ್ತಾರು ಪಟ್ಟು ಮಸಿಯಿದ್ದರೂ ಗುಂಡಿಗೆ ಅದರ ಗೊಡವೆಯೇ ಇರುವುದಿಲ್ಲ.

ಆದ್ದರಿಂದ ಟಾರ್ಚ್ ಹಿಡಿದು ಮೊದಲು ನೋಡಬೇಕಾದದ್ದು ಗುಂಡು ಹಾದುಹೋಗುವ ರಂಧ್ರದ ಅಂಚನ್ನು. ನೋಡುವ ಮೊದಲು ಮ್ಯಾಗಜಿನ್ ತೆಗೆದು, ಬೋಲ್ಟ್ ಹೊರಗೆಳೆದು, ಕಾಡತೂಸು ಕೂರುವ ಚೇಂಬರ್ ಖಾಲಿಯಿದೆ ಎಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಅಂಚಿನ ಸುತ್ತ ಮಸಿ ಸಮನಾಗಿ ಹರಡಿದ್ದರೆ ಚಿಂತೆಯಿಲ್ಲ. ಒಂದೇ ಬದಿಯಲ್ಲಿ ಉಬ್ಬಿ ರಂಧ್ರದೊಳಕ್ಕೆ ಚಾಚಿಕೊಂಡಿದ್ದರೆ ತೆಗೆಯಬೇಕು. ಒಂದು ಬದಿಯಲ್ಲಿ ತಾಮ್ರದ ಹೊಳಪಿನ ಗೀರು ಕಂಡರೆ ಅದು ಮಸಿಯ ಸಮಸ್ಯೆಯೇ ಅಲ್ಲ, ಗುಂಡು ತಾಗುತ್ತಿದೆ. ಆಗ ಶುಚಿ ಮಾಡುವ ಮಾತನ್ನು ಬದಿಗಿಟ್ಟು, ರೈಫಲನ್ನು ಬಳಸದೆ ಗನ್‌ಸ್ಮಿತ್ ಬಳಿ ಒಯ್ಯಿರಿ.

ಬ್ರೇಕ್ ಬಿಚ್ಚುವಾಗ ಹಿಡಿತ ನಳಿಗೆಯ ಮೇಲಿರಲಿ. ಬೋಲ್ಟ್ ಕೂರುವ ಭಾಗವಾದ ಆ್ಯಕ್ಷನ್ ಅನ್ನು ವೈಸ್‌ಗೆ ಕಚ್ಚಿಸಿ ಬ್ರೇಕ್ ತಿರುಗಿಸಿದರೆ ನಳಿಗೆಯೇ ಸಡಿಲವಾಗಬಹುದು. ಬಗ್ಗದಿದ್ದರೆ ಬಲ ಹೆಚ್ಚಿಸುವ ಬದಲು ಅದನ್ನು ಯಾವುದರಿಂದ ಅಂಟಿಸಿದ್ದಾರೆಂದು ವಿಚಾರಿಸಿ: ಕೆಂಪು ಥ್ರೆಡ್‌ಲಾಕರ್ ಸುಮಾರು 260 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಸಡಿಲಗೊಳ್ಳುತ್ತದೆ, ರಾಕ್‌ಸೆಟ್ ಎಂಬ ಸಿರಾಮಿಕ್ ಅಂಟು ಬಿಸಿಗೆ ಜಗ್ಗದೆ ನೀರಿನಲ್ಲಿ ನೆನೆಸಿದರೆ ಬಿಡುತ್ತದೆ. ಕೆಲವು ಬ್ರೇಕ್‌ಗಳನ್ನು ಬಿಚ್ಚಲು ಬರುವುದೇ ಇಲ್ಲ. ಅಮೆರಿಕದ ಕಾನೂನಿನಲ್ಲಿ ರೈಫಲ್ ನಳಿಗೆ 16 ಇಂಚಿಗಿಂತ ಗಿಡ್ಡವಾಗಿದ್ದರೆ ಪ್ರತ್ಯೇಕ ನಿಯಮಗಳು ಅನ್ವಯಿಸುವುದರಿಂದ, 14.5 ಇಂಚಿನ ನಳಿಗೆಗೆ ಬ್ರೇಕನ್ನು ಪಿನ್ ಹಾಕಿ ವೆಲ್ಡ್ ಮಾಡಿ ಅಳತೆ ಸರಿಹೊಂದಿಸುವ ರೂಢಿಯಿದೆ. ಅಂಥವುಗಳನ್ನು ಇದ್ದಲ್ಲಿಯೇ, ನಳಿಗೆಯ ಬಾಯಿಯನ್ನು ಕೆಳಮುಖವಾಗಿಸಿ ಶುಚಿ ಮಾಡಬೇಕು. (ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಪೂಜೆಗೊಳ್ಳುವ ಹಳೆಯ ಕೋವಿಗಳ ಬಾಯಿಗೆ ಥ್ರೆಡ್ ಇಲ್ಲದ್ದರಿಂದ ಅವರಿಗೆ ಈ ಯಾವ ತಾಪತ್ರಯವೂ ಇಲ್ಲ.)

ಬಿಚ್ಚಿದ ಮೇಲೆ ಬ್ರೇಕನ್ನು ಪಕ್ಕಕ್ಕಿಟ್ಟು ಮೊದಲು ನಳಿಗೆಯ ತುದಿಯನ್ನು ಗಮನಿಸಿ. ಗುಂಡು ಕೊನೆಯದಾಗಿ ಸ್ಪರ್ಶಿಸುವ ಅಂಚಾದ ಕ್ರೌನ್‌ಗೆ ಗೀರು ಬಿದ್ದರೆ ಗುರಿ ನಿಜವಾಗಿಯೂ ಕೆಡುತ್ತದೆ. ಸಾಲ್ವೆಂಟ್‌ನಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲಿಟ್ಟು ಒರೆಸಿದರೆ ಸಾಕು. ಉಕ್ಕಿನ ಬ್ರಷ್, ಚಾಕು, ಸ್ಕ್ರೂಡ್ರೈವರ್ ಅಲ್ಲಿಗೆ ಹೋಗಕೂಡದು. ಥ್ರೆಡ್‌ಗಳಿಗೆ ನೈಲಾನ್ ಬ್ರಷ್, ಭುಜದ ಮೂಲೆಗೆ ಒಂದು ಬಿದಿರು ಕಡ್ಡಿ. ಭುಜದ ಮೇಲೆ ಉಗುರು ಎಳೆದಾಗ ಎಲ್ಲಿಯೂ ತಡೆಯಬಾರದು.

ಬ್ರೇಕ್‌ನ ಮಸಿಗೆ ಕಾರ್ಬನ್ ತೆಗೆಯಲೆಂದೇ ಮಾರುವ ಸಾಲ್ವೆಂಟ್ ಬೇಕು. ನಳಿಗೆಯ ತಾಮ್ರವನ್ನು ಕರಗಿಸುವ ಅಮೋನಿಯಾ ದ್ರಾವಣದಿಂದ ಇಲ್ಲಿ ಪ್ರಯೋಜನವಿಲ್ಲ. ಇಂಗಾಲ ಯಾವ ಸಾಲ್ವೆಂಟ್‌ನಲ್ಲಿಯೂ ಸಕ್ಕರೆಯಂತೆ ಕರಗುವುದಿಲ್ಲ. ದ್ರವವು ಪದರದ ಬಿರುಕುಗಳಿಗೆ ಇಳಿದು ಹಿಡಿತವನ್ನು ಸಡಿಲಿಸುತ್ತದೆ, ಅಷ್ಟೇ. ಆದ್ದರಿಂದ ರಾತ್ರಿಯಿಡೀ ಮುಳುಗಿಸಿಟ್ಟು, ಬೆಳಿಗ್ಗೆ ಕಂಚಿನ ಬ್ರಷ್‌ನಿಂದ ಉಜ್ಜಿ, ಅಡ್ಡಗೋಡೆಯ ಚಪ್ಪಟೆ ಭಾಗದ ಮೇಲೆ ಮಾತ್ರ ಹಿತ್ತಾಳೆಯ ಪಟ್ಟಿಯಿಂದ ಕೆರೆಯಿರಿ. ಬಿಸಿ ದ್ರಾವಣದ ಅಲ್ಟ್ರಾಸಾನಿಕ್ ಯಂತ್ರವಿದ್ದರೆ ಕೆಲಸ ಹಗುರ, ಆದರೆ ಪ್ರಬಲ ಕ್ಷಾರವು ಅಲ್ಯೂಮಿನಿಯಂ ಬ್ರೇಕನ್ನು ತಿನ್ನುತ್ತದೆ. ಓವನ್ ಕ್ಲೀನರ್ ಬಳಸಬಾರದೆನ್ನುವುದೂ ಇದೇ ಕಾರಣಕ್ಕೆ. ವಿನಿಗರ್‌ನಂತಹ ಆಮ್ಲಗಳು ಉಕ್ಕಿನ ಮೇಲಿನ ಬ್ಲೂಯಿಂಗ್ ಲೇಪವನ್ನು ಎಬ್ಬಿಸುತ್ತವೆ.

ವಿನಿಗರ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಅದ್ದಿಡಿ ಎಂಬ ಸಲಹೆ ನಿಮ್ಮ ಕಿವಿಗೂ ಬಿದ್ದಿರಬಹುದು. ಹೊದಿಕೆಯಿಲ್ಲದ ಸೀಸದ ಗುಂಡು ಹಾರಿಸುವ .22 ರಿಮ್‌ಫೈರ್ (ಕಾಡತೂಸಿನ ತಳದ ಅಂಚಿನಲ್ಲಿ ಕಿಡಿ ಹೊತ್ತುವ) ಬಂದೂಕಿನವರಲ್ಲಿ ಇದು ಹೆಚ್ಚು ಪ್ರಚಲಿತ. ಆ ಮಿಶ್ರಣ ಸೀಸವನ್ನು ಕರಗಿಸುತ್ತದೆ ಎಂಬುದು ನಿಜ. ಹಾಗೆ ಕರಗಿ ಹುಟ್ಟುವುದು ಲೆಡ್ ಅಸಿಟೇಟ್, ಚರ್ಮದ ಮೂಲಕವೂ ದೇಹ ಸೇರುವ ವಿಷ. ಕರಗಿದ ಸೀಸವನ್ನು ಮನೆಯ ಸಿಂಕ್‌ಗೆ ಚೆಲ್ಲುವಂತೆಯೂ ಇಲ್ಲ. ಇದನ್ನು ಯಾರಿಗೂ ಶಿಫಾರಸು ಮಾಡಲಾರೆ. ಒಣ ಮಸಿಯ ಮೇಲೆ ಡ್ರಿಲ್‌ಗೆ ಸಿಕ್ಕಿಸಿದ ವೈರ್ ಬ್ರಷ್ ಓಡಿಸುವುದೂ ಅಷ್ಟೇ ಕೆಟ್ಟದ್ದು, ಏಕೆಂದರೆ ಸೀಸದ ದೂಳು ನೇರವಾಗಿ ಮೂಗಿಗೆ ಬರುತ್ತದೆ. ಮಸಿಯನ್ನು ಒದ್ದೆಯಾಗಿಯೇ ಕೆರೆಯಿರಿ, ಕೈಗವಸು ಹಾಕಿಕೊಳ್ಳಿ, ಅಡುಗೆಮನೆಯಿಂದಲೂ ಮಕ್ಕಳಿಂದಲೂ ದೂರ ಕುಳಿತುಕೊಳ್ಳಿ.

ಮುಂದೆ ಮಸಿ ಇಷ್ಟು ಗಟ್ಟಿಯಾಗದಿರಬೇಕೆಂದರೆ ಗುಂಡು ಹಾರಿಸುವ ಮೊದಲು ಕಿಂಡಿಗಳೊಳಗೆ ತೆಳುವಾಗಿ ಎಣ್ಣೆ ಸವರಿ, ಮುಗಿದ ಮೇಲೆ ಬ್ರೇಕ್ ಕೈಗೆ ತಾಳುವಷ್ಟು ಬಿಸಿಯಿರುವಾಗಲೇ ಒರೆಸಿಬಿಡಿ. ನಳಿಗೆಯನ್ನು ಶುಚಿ ಮಾಡುವಾಗ ಸಾಧ್ಯವಾದರೆ ಬ್ರೇಕ್ ಬಿಚ್ಚಿಡಿ. ಅದು ಇದ್ದಂತೆಯೇ ರಾಡ್ ಹಾಯಿಸಿದರೆ ಬ್ರೇಕ್‌ನೊಳಗೆ ಇಣುಕಿದ ಬಟ್ಟೆ ಅಲ್ಲಿನ ಕರಕಲನ್ನು ಅಂಟಿಸಿಕೊಂಡು, ವಾಪಸು ಎಳೆಯುವಾಗ ಕ್ರೌನ್ ಮೇಲೆಯೇ ಉಜ್ಜಿಕೊಂಡು ಒಳಗೆ ಬರುತ್ತದೆ. ಸೈಲೆನ್ಸರ್ ಸಿಕ್ಕಿಸುವ ನೆಲೆಯಾಗಿಯೂ ಕೆಲಸ ಮಾಡುವ ಬ್ರೇಕ್ ನಿಮ್ಮದಾದರೆ ಮಾತ್ರ ನನ್ನ ಉದಾಸೀನದ ಸಲಹೆ ಅನ್ವಯಿಸದು. ಅದರ ಹೊರಮೈಯ ಮಸಿಯನ್ನು ಪ್ರತಿ ಸಲವೂ ಒರೆಸಬೇಕು, ಇಲ್ಲದಿದ್ದರೆ ಎರಡೂ ಕಚ್ಚಿಕೊಂಡು ಬೇರ್ಪಡಿಸುವುದೇ ಕಷ್ಟವಾಗುತ್ತದೆ.

ಮತ್ತೆ ಜೋಡಿಸುವಾಗ ಕ್ರಶ್ ವಾಷರ್ (ಬಿಗಿದಾಗ ಅಮುಕಿಕೊಳ್ಳುವ ಬಳೆ) ಇದ್ದರೆ ಹೊಸದನ್ನೇ ಹಾಕಿ, ಏಕೆಂದರೆ ಒಮ್ಮೆ ಅಮುಕಿಕೊಂಡದ್ದು ಎರಡನೆಯ ಸಲ ಸಮನಾಗಿ ಕೂರುವುದಿಲ್ಲ, ಶಿಮ್ ಎಂಬ ತೆಳು ಚಪ್ಪಟೆ ಬಳೆಗಳನ್ನು ಮರುಬಳಸಬಹುದು. ಬಿಗಿತ ಎಷ್ಟಿರಬೇಕೆಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿ, ಟಾರ್ಕ್ ವ್ರೆಂಚ್‌ನಲ್ಲಿಯೇ ಬಿಗಿಯಿರಿ. ಆಮೇಲೆ ರೇಂಜ್‌ಗೆ ಹೋದಾಗ ಮೊದಲ ಕೆಲವು ಗುಂಡುಗಳನ್ನು ಝೀರೋ ಪರೀಕ್ಷೆಗೆ, ಅಂದರೆ ಸ್ಕೋಪ್ ತೋರಿಸುವ ಜಾಗಕ್ಕೇ ಗುಂಡು ಬೀಳುತ್ತಿದೆಯೇ ಎಂದು ನೋಡಲು, ಮೀಸಲಿಡಿ. ಬ್ರೇಕ್ ಬಿಚ್ಚಿ ಹಾಕಿದ ರೈಫಲ್‌ನಲ್ಲಿ ಗುಂಡು ಬೀಳುವ ಜಾಗ ತುಸು ಸರಿಯುವುದುಂಟು. ಹಾಗೆ ಸರಿದಿದ್ದರೆ ಸ್ಕೋಪ್‌ನಲ್ಲಿ ಹೊಂದಿಸಿಕೊಂಡರಾಯಿತು, ಅದಕ್ಕಾಗಿ ಮತ್ತೆ ಬ್ರೇಕ್ ಬಿಚ್ಚುವ ಅಗತ್ಯವಿಲ್ಲ.