ಹೆಸರು ಹೊಂದಿಸಿದ ಮೇಲೆ ದೇಹವನ್ನೂ ಹೊಂದಿಸಿ

ಪ್ರಶ್ನೆಪತ್ರಿಕೆಯಲ್ಲಿ ‘ಹೊಂದಿಸಿ ಬರೆಯಿರಿ’ ಬಂದರೆ ಮಕ್ಕಳಿಗೆ ಖುಷಿ. ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ. ಗೊತ್ತಿರುವ ಮೂರನ್ನು ಬರೆದುಬಿಟ್ಟರೆ ನಾಲ್ಕನೆಯದು ತಾನಾಗೇ ಸಿಗುತ್ತದೆ. ಈಗ ಅದೇ ಪ್ರಶ್ನೆ ಮೊಬೈಲಿನಲ್ಲಿ ಆಟವಾಗಿದೆ. ಪರದೆ ತುಂಬ ಕಾರ್ಡುಗಳು. ‘ಇನ್ಸುಲಿನ್’ ಮುಟ್ಟಿ, ಆಮೇಲೆ ‘ಮೇದೋಜೀರಕ ಗ್ರಂಥಿ’ ಮುಟ್ಟಿದರೆ ಎರಡೂ ಮಾಯ. ಪಕ್ಕದಲ್ಲಿ ಸೆಕೆಂಡುಗಳು ಓಡುತ್ತಿರುತ್ತವೆ. ಫಿಸಿಯಾಲಜಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಅನ್ನುವ ಶಾಸ್ತ್ರವನ್ನು ಹೀಗೆ ಆಡುತ್ತಾ ಕಲಿಯುವ ವಿದ್ಯಾರ್ಥಿಗಳು ಇದ್ದಾರೆ.

ಇಂಥ ಆಟಗಳಿಗೆ ಹೆಸರಾದ ಆ್ಯಪ್ ಕ್ವಿಜ್‌ಲೆಟ್. 2005ರಲ್ಲಿ ಅಮೆರಿಕದ ಹೈಸ್ಕೂಲ್ ಹುಡುಗ ಆಂಡ್ರ್ಯೂ ಸದರ್ಲೆಂಡ್ ಅದನ್ನು ಬರೆದದ್ದು ಫ್ರೆಂಚ್ ಪದಗಳನ್ನು ಕಲಿಯಲು. ಈ ಹಿನ್ನೆಲೆ ನೆನಪಿನಲ್ಲಿರಲಿ. ಪದ ಕಲಿಯಲು ಹುಟ್ಟಿದ ಸಾಧನವನ್ನು ನಾವು ಹೃದಯ, ಕಿಡ್ನಿ ಅರ್ಥಮಾಡಿಕೊಳ್ಳಲು ಬಳಸುತ್ತಿದ್ದೇವೆ. ಅದರ ಬಲವೂ ಮಿತಿಯೂ ಇಲ್ಲೇ ಇವೆ.

ಬಲದ ವಿಷಯ ಮೊದಲು. ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ, ತಲೆಯಿಂದ ಹೊರಗೆ ಎಳೆದು ನೋಡುವುದು ನೆನಪನ್ನು ಗಟ್ಟಿ ಮಾಡುತ್ತದೆ. ಮನೋವಿಜ್ಞಾನಿಗಳಾದ ಜೆಫ್ರಿ ಕಾರ್ಪಿಕ್ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದ ಜೊತೆ ಕಲಿಸಿದರು. ಕೆಲವರಿಗೆ, ಒಮ್ಮೆ ಸರಿ ಹೇಳಿದ ಪದವನ್ನೂ ಬಿಡದೆ ಮತ್ತೆ ಮತ್ತೆ ಕೇಳಿದರು. ಇನ್ನು ಕೆಲವರಿಗೆ, ಒಮ್ಮೆ ಸರಿ ಹೇಳಿದ ಪದವನ್ನು ಮತ್ತೆ ಕೇಳಲೇ ಇಲ್ಲ. ವಾರ ಕಳೆದ ಮೇಲೆ ಮೊದಲಿನವರು ಸುಮಾರು 80% ಪದ ನೆನಪಿಟ್ಟುಕೊಂಡಿದ್ದರು. ಉಳಿದವರದು 35%ರ ಆಸುಪಾಸು. ವಾರದ ಮೇಲೆ ಎಷ್ಟು ನೆನಪಿರಬಹುದು ಅಂತ ಕಲಿತ ದಿನ ಕೇಳಿದಾಗ ಮಾತ್ರ ಎರಡೂ ಗುಂಪಿನವರು ಸರಾಸರಿ ಅರ್ಧದಷ್ಟು ಅಂತಲೇ ಅಂದಾಜು ಮಾಡಿದ್ದರು. ನಮ್ಮ ನೆನಪಿನ ಬಗ್ಗೆ ನಮಗೇ ಸರಿಯಾದ ಅಳತೆ ಸಿಗುವುದಿಲ್ಲ, ಅಲ್ವಾ?

ಮೊಬೈಲ್ ಆಟದಲ್ಲಿ ಸರಿಯಾದ ಜೋಡಿ ತಕ್ಷಣ ಮಾಯವಾಗುತ್ತದೆ. ಒಂದೇ ಸಲ ಆಡಿ ಮುಚ್ಚಿಟ್ಟರೆ ನಾವು ಆ ಎರಡನೇ ಗುಂಪಿನವರ ಹಾಗೇ ಆಗುತ್ತೇವೆ. ಅದಕ್ಕೇ ನಾಳೆ ಮತ್ತೆ, ಮುಂದಿನ ವಾರ ಮತ್ತೆ ಆಡಬೇಕು. ಇನ್ನೊಂದು ವಿಷಯ. ಕಣ್ಣೆದುರಿಗಿರುವ ಉತ್ತರವನ್ನು ಗುರುತಿಸುವುದು ಸುಲಭ. ಏನೂ ಇಲ್ಲದೆ ನೆನಪಿಸಿಕೊಳ್ಳುವುದು ಕಷ್ಟ. ಒಂದು ಕಾರ್ಡು ನೋಡಿ, ಉಳಿದವನ್ನು ಕೈಯಿಂದ ಮುಚ್ಚಿ, ಉತ್ತರವನ್ನು ಬಾಯಲ್ಲಿ ಹೇಳಿ, ಆಮೇಲೆ ಹುಡುಕಿ. ಗಡಿಯಾರ ಓಡಿದರೆ ಓಡಲಿ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಮುಂದೆ ಇಂಗ್ಲಿಷ್‌ನಲ್ಲಿ ಜೀವಶಾಸ್ತ್ರ ಓದುವವರಿಗೆ ಈ ಆಟ ನಿಜಕ್ಕೂ ಉಪಕಾರಿ. ಒಂದು ಕಾರ್ಡಿಗೆ ‘ಅಪಧಮನಿ’, ಇನ್ನೊಂದಕ್ಕೆ ‘ಆರ್ಟರಿ’. ಗೊತ್ತಿರುವ ವಿಷಯವೇ ಹೊಸ ಹೆಸರಿನಲ್ಲಿ ಬಂದಾಗ ಆಗುವ ಗಾಬರಿ ಇದರಿಂದ ಬೇಗ ಹೋಗುತ್ತದೆ.

ಆದರೆ ಹೆಸರು ಗೊತ್ತಾದ ಮಾತ್ರಕ್ಕೆ ಫಿಸಿಯಾಲಜಿ ಬಂದ ಹಾಗಲ್ಲ. ‘ಅಪಧಮನಿ – ಆಮ್ಲಜನಕ ತುಂಬಿದ ರಕ್ತ’ ಅನ್ನುವ ಜೋಡಿಯನ್ನೇ ನೋಡಿ. ಬಹುಪಾಲು ಸರಿ, ಆದರೂ ತಪ್ಪು. ಹೃದಯದಿಂದ ಹೊರಗೆ ರಕ್ತ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆ ಇರುವ ರಕ್ತ. ಗರ್ಭದಲ್ಲಿರುವ ಮಗುವಿಗೆ ಹೊಕ್ಕುಳಬಳ್ಳಿಯ ಮೂಲಕ ಆಮ್ಲಜನಕ ತರುವುದು ಅಭಿಧಮನಿ. ಈ ಎರಡು ಕಾರ್ಡುಗಳನ್ನು ಆಟಕ್ಕೆ ಸೇರಿಸಿದರೆ ಬಾಯಿಪಾಠ ಮಾಡಿದವರು ಅಲ್ಲೇ ತಡವರಿಸುತ್ತಾರೆ. ಆ ತಡವರಿಕೆಯಿಂದಲೇ ಕಲಿಕೆ ಶುರುವಾಗುತ್ತದೆ ಅನ್ನುವುದು ನನ್ನ ನಂಬಿಕೆ.

ಹಾಗಾಗಿ ತಪ್ಪು ಉತ್ತರಗಳನ್ನೂ ಸರಿ ಉತ್ತರದಷ್ಟೇ ಜತನದಿಂದ ಆರಿಸಬೇಕು. ಗ್ಲೂಕೋಸ್, ಗ್ಲೈಕೋಜನ್, ಗ್ಲುಕಗಾನ್ ಮೂರನ್ನೂ ಒಂದೇ ಆಟಕ್ಕೆ ಹಾಕಿ. ಒಂದು ಸಕ್ಕರೆ, ಇನ್ನೊಂದು ಆ ಸಕ್ಕರೆಯನ್ನು ಪಿತ್ತಜನಕಾಂಗ ಮತ್ತು ಸ್ನಾಯುಗಳು ಕೂಡಿಡುವ ರೂಪ, ಮೂರನೆಯದು ಪಿತ್ತಜನಕಾಂಗದ ಸಂಗ್ರಹವನ್ನು ಒಡೆಯಲು ಹೇಳುವ ಹಾರ್ಮೋನು. ಬಲಗಡೆ ಎರಡು ಕಾರ್ಡು ಜಾಸ್ತಿಯೇ ಇರಲಿ. ಆಗ ಕೊನೆಯದು ಸುಮ್ನೆ ಸಿಗುವುದಿಲ್ಲ.

ಒಂದಕ್ಕೆ ಒಂದೇ ಜೋಡಿ ಅನ್ನುವ ನಿಯಮ ಕೂಡ ದೇಹಕ್ಕೆ ಒಗ್ಗುವುದಿಲ್ಲ. ಎಡಿಎಚ್ ಅನ್ನುವ ಹಾರ್ಮೋನು ತಯಾರಾಗುವುದು ಮಿದುಳಿನ ಹೈಪೋಥಲಾಮಸ್‌ನಲ್ಲಿ. ರಕ್ತಕ್ಕೆ ಬಿಡುಗಡೆಯಾಗುವುದು ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ. ಕೆಲಸ ಮಾಡುವುದು ಕಿಡ್ನಿಯಲ್ಲಿ. ಅದರ ಜೋಡಿ ಯಾರು? ಇಲ್ಲಿ ಅಂಗದ ಹೆಸರಿನ ಬದಲು ಸನ್ನಿವೇಶವನ್ನು ಕಾರ್ಡಿಗೆ ಬರೆಯುವುದು ಒಳ್ಳೆಯದು. ಬಿಸಿಲಲ್ಲಿ ನೀರು ಕುಡಿಯದೆ ನಡೆದರೆ ರಕ್ತ ಗಾಢವಾಗುತ್ತದೆ, ಎಡಿಎಚ್ ಹೆಚ್ಚುತ್ತದೆ, ಕಿಡ್ನಿ ನೀರನ್ನು ಉಳಿಸಿಕೊಳ್ಳುತ್ತದೆ, ಮೂತ್ರ ಕಡಿಮೆಯಾಗಿ ಕಡು ಹಳದಿಯಾಗುತ್ತದೆ. ಮದ್ಯ ಕುಡಿದರೆ ಎಡಿಎಚ್ ಕುಗ್ಗಿ ಮೂತ್ರ ಜಾಸ್ತಿಯಾಗುತ್ತದೆ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಹೊರಗೆ ಹೋಗುವುದು ಮಾತ್ರ ಸಾಮಾನ್ಯವಾಗಿ ಒಂದೂವರೆ ಲೀಟರ್‌ನಷ್ಟು. ಉಳಿದದ್ದೆಲ್ಲ ರಕ್ತಕ್ಕೆ ವಾಪಸ್. ಈ ಲೆಕ್ಕ ಗೊತ್ತಿದ್ದರೆ ಎಡಿಎಚ್ ಸ್ವಲ್ಪ ಏರಿಳಿದರೂ ಮೂತ್ರ ಯಾಕೆ ಅಷ್ಟು ಬದಲಾಗುತ್ತದೆ ಅಂತ ಹೊಳೆಯುತ್ತದೆ.

ನನಗೆ ತುಂಬ ಇಷ್ಟವಾದದ್ದು ಸರಪಳಿ ಜೋಡಿಸುವ ಆಟ. ಇದಕ್ಕೆ ಆ್ಯಪ್ ಕೂಡ ಬೇಡ, ರಟ್ಟಿನ ಚೂರುಗಳು ಸಾಕು. ಮಲಗಿದ್ದವರು ತಟ್ಟನೆ ಎದ್ದು ನಿಂತರೆ ಏನಾಗುತ್ತದೆ? ಕಾಲಿನ ಕಡೆ ರಕ್ತ ಇಳಿದು ನಿಲ್ಲುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಬಿಪಿ ಇಳಿಯುತ್ತದೆ. ಕತ್ತಿನ ಕೆರೋಟಿಡ್ ಅಪಧಮನಿಯ ಗೋಡೆಯಲ್ಲಿರುವ ಒತ್ತಡವನ್ನು ಗುರುತಿಸುವ ನರತುದಿಗಳು ಇದನ್ನು ಹಿಡಿಯುತ್ತವೆ. ಮಿದುಳಿನ ಕಾಂಡದಲ್ಲಿರುವ ಮೆಡುಲ್ಲಾಕ್ಕೆ ಸುದ್ದಿ ಮುಟ್ಟುತ್ತದೆ. ಹೃದಯದ ಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ, ಬಿಪಿ ಮತ್ತೆ ಮೇಲೆ ಬರುತ್ತದೆ. ಇದೆಲ್ಲ ಕೆಲವೇ ಸೆಕೆಂಡುಗಳ ಕೆಲಸ.

ಚೂರುಗಳನ್ನು ಕಲಸಿ, ಗೆಳೆಯರಿಗೆ ಕೊಟ್ಟು ಸಾಲಾಗಿ ಇಡಲು ಹೇಳಿ. ಸರಿಯಾಗಿ ಇಟ್ಟ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಬಿಪಿ, ಹೃದಯದ ತೊಂದರೆಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇವುಗಳಲ್ಲಿ ಯಾವ ಚೂರು ನಿಧಾನವಾಗುತ್ತದೆ? ಹೃದಯ ಬಡಿತದ ಚೂರನ್ನು ಯಾರಾದರೂ ಎತ್ತಿ ತೋರಿಸಿದರೆ ಅವರಿಗೆ ಮುಂದಿನ ಪ್ರಶ್ನೆ ಸಿದ್ಧವಾಗಿದೆ: ಅಂಥವರಿಗೆ ಹಾಸಿಗೆಯಿಂದ ನಿಧಾನವಾಗಿ ಏಳಿ ಅಂತ ಡಾಕ್ಟರು ಯಾಕೆ ಹೇಳುತ್ತಾರೆ?