ಫ್ಲೈಟ್ ಸಿಮ್ಯುಲೇಟರ್‌ಗೆ ಕಂಪ್ಯೂಟರ್: ಯಾರಿಗಾಗಿ ಯಾರು ಕಾಯುತ್ತಿದ್ದಾರೆ?

ಮನೆಯಲ್ಲಿ ಕೂತು ಮುಂಬೈಗೆ ವಿಮಾನ ಇಳಿಸುತ್ತಿದ್ದೆ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಬೋಯಿಂಗ್ 737, ವೇಗ 140 ನಾಟ್, ಎದುರಿಗೆ 27ನೇ ರನ್‌ವೇ. ಕೆಳಗೆ ಘಾಟ್ಕೋಪರ್‌ನ ಮನೆಗಳು ಒತ್ತೊತ್ತಾಗಿ ಸರಿಯುತ್ತಿದ್ದವು. ನೆಲಕ್ಕೆ ಇನ್ನು 30 ಅಡಿ, ಮೂತಿ ಎತ್ತಬೇಕು ಅನ್ನುವಷ್ಟರಲ್ಲಿ ಪರದೆ ಗಕ್ಕನೆ ನಿಂತಿತು. ಅರ್ಧ ಸೆಕೆಂಡ್ ಅಷ್ಟೇ. ಚಿತ್ರ ಮತ್ತೆ ಬರುವ ಹೊತ್ತಿಗೆ ಸ್ಟಿಕ್ ಎಳೆದದ್ದು ತಡವಾಗಿತ್ತು. ಚಕ್ರ ಧಡ್ ಅಂತ ನೆಲಕ್ಕೆ ಬಡಿಯಿತು.

ಅರ್ಧ ಸೆಕೆಂಡ್ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 140 ನಾಟ್ ಅಂದರೆ ಸೆಕೆಂಡಿಗೆ ಸುಮಾರು 72 ಮೀಟರ್. ನಿಮಿಷಕ್ಕೆ 700 ಅಡಿಯಂತೆ ಇಳಿಯುತ್ತಿದ್ದರೆ, ಆ ಅರ್ಧ ಸೆಕೆಂಡಿನಲ್ಲಿ ವಿಮಾನ 36 ಮೀಟರ್ ಮುಂದೆ ಹೋಗಿ, ಹೆಚ್ಚುಕಡಿಮೆ 6 ಅಡಿ ಕೆಳಗಿಳಿದಿರುತ್ತದೆ. ಮೂತಿ ಎತ್ತಿ ಮೆಲ್ಲಗೆ ಇಳಿಸುವ ಕೆಲಸ ನಡೆಯುವುದೇ ಆ ಕೊನೆಯ 30 ಅಡಿಯಲ್ಲಿ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕೂಡಿಟ್ಟ ದುಡ್ಡು ಹಾಕಿ, ಪರದೆಯ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡ್ ಹೊಸದು ತಂದೆ. ಹುಬ್ಬಳ್ಳಿ ಮೇಲೆ ಹಾರಿದರೆ ಚಿತ್ರ ನೀರು ಹರಿದ ಹಾಗೆ. ಮುಂಬೈಗೆ ಹೋದರೆ ಮಾತ್ರ ಮತ್ತದೇ ಗಕ್. ಕೊನೆಗೆ ಸಿಮ್ಯುಲೇಟರ್‌ನ ಡೆವಲಪರ್ ಮೋಡ್ ತೆರೆದೆ. ಅಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) ತೋರಿಸುವ ಒಂದು ಚಿಕ್ಕ ಚೌಕ ಇದೆ. 'ಲಿಮಿಟೆಡ್ ಬೈ ಮೇನ್‌ಥ್ರೆಡ್' ಅಂತ ಅದರಲ್ಲಿ ಬರೆದಿತ್ತು. ಅಂದರೆ ಪ್ರೊಸೆಸರ್‌ನ ಮುಖ್ಯ ಕೆಲಸವೇ ತಡ ಮಾಡುತ್ತಿದೆ ಅಂತ. ಅಷ್ಟು ದುಡ್ಡಿನ ಕಾರ್ಡ್ ಅರ್ಧ ಹೊತ್ತು ಸುಮ್ನೆ ಕೂತಿತ್ತು. ಅದಕ್ಕೆ ಕೆಲಸ ಕೊಡಬೇಕಾದ ಪ್ರೊಸೆಸರ್ ತನ್ನ ಲೆಕ್ಕವನ್ನೇ ಇನ್ನೂ ಮುಗಿಸಿರಲಿಲ್ಲ.

ಸಿಮ್ಯುಲೇಟರ್‌ನಲ್ಲಿ ಚಿತ್ರ ಬರೆಯುವುದಕ್ಕಿಂತ ಮೊದಲೇ ಬೇಕಾದಷ್ಟು ಕೆಲಸ ಇರುತ್ತದೆ. ರೆಕ್ಕೆಯ ಮೇಲೆ ಗಾಳಿಯ ಒತ್ತಡ ಎಷ್ಟು, ಎಂಜಿನ್ ಎಷ್ಟು ಇಂಧನ ಕುಡಿಯಿತು, ಆಟೋಪೈಲಟ್ ಏನು ಮಾಡಬೇಕು, ಸುತ್ತಲಿನ ಬೇರೆ ವಿಮಾನಗಳು ಎಲ್ಲಿವೆ, ಕೆಳಗಿನ ಸಾವಿರಾರು ಕಟ್ಟಡಗಳಲ್ಲಿ ಯಾವುದನ್ನು ತೋರಿಸಬೇಕು. ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್ ರೆಕ್ಕೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ನೋಡಿ, ಒಂದೊಂದರ ಮೇಲೂ ಬೀಳುವ ಬಲವನ್ನು ಬೇರೆಬೇರೆಯಾಗಿ ಲೆಕ್ಕ ಹಾಕುತ್ತದೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. 30 ಸಾಕು ಅಂದರೆ 33.3.

ಈ ಲೆಕ್ಕಗಳಲ್ಲಿ ಬಹಳಷ್ಟು ಒಂದಾದ ಮೇಲೆ ಒಂದರಂತೆ ನಡೆಯಬೇಕು. ಮದುವೆ ಮನೆಯಲ್ಲಿ ತರಕಾರಿ ಹೆಚ್ಚಲು ಹತ್ತು ಜನ ಕೂರಬಹುದು. ಆದರೆ ಬೇಳೆ ಬೇಯದೆ ಸಾರಿಗೆ ಒಗ್ಗರಣೆ ಹಾಕಲು ಆಗುವುದಿಲ್ಲ, ಅಲ್ವಾ? ಹಾಗಾಗಿ 16 ಕೋರ್ (ಲೆಕ್ಕ ಮಾಡುವ ಘಟಕ) ಇರುವ ಪ್ರೊಸೆಸರ್ ತಂದರೂ, ಆ ಒಂದು ಮುಖ್ಯ ಕೆಲಸ ಹೊತ್ತ ಕೋರ್ ನಿಧಾನವಾದರೆ ಉಳಿದವು ಕಾಯಬೇಕು. ಕೋರ್‌ಗಳ ಸಂಖ್ಯೆಗಿಂತ ಒಂದು ಕೋರ್ ಎಷ್ಟು ಚುರುಕು ಅನ್ನುವುದೇ ಇಲ್ಲಿ ಜಾಸ್ತಿ ಮುಖ್ಯ.

ಚುರುಕು ಅಂದರೆ ಬರೀ ಗಿಗಾಹರ್ಟ್ಸ್, ಅಂದರೆ ಪ್ರೊಸೆಸರ್‌ನ ಗಡಿಯಾರದ ವೇಗ, ಅಲ್ಲ. ನನಗೆ ತುಂಬ ಇಷ್ಟವಾದ ವಿಷಯ ಇದು. ಒಗ್ಗರಣೆ ಡಬ್ಬಿ ಒಲೆ ಪಕ್ಕದಲ್ಲೇ ಇದ್ದರೆ ಕೈ ಹಾಕಿದ ಕೂಡಲೇ ಸಾಸಿವೆ ಸಿಗುತ್ತದೆ. ಡಬ್ಬಿಯಲ್ಲಿ ಇಲ್ಲದಿದ್ದರೆ ಉಗ್ರಾಣಕ್ಕೆ ಹೋಗಬೇಕು. ಅಷ್ಟರಲ್ಲಿ ಎಣ್ಣೆ ಕಾದು ಹೊಗೆ ಬರುತ್ತದೆ. ಪ್ರೊಸೆಸರ್ ಒಳಗಿನ ಕ್ಯಾಶ್ ಆ ಡಬ್ಬಿ, ರ‍್ಯಾಮ್ ಉಗ್ರಾಣ. ಸಿಮ್ಯುಲೇಟರ್ ಪ್ರತಿ ಚಿತ್ರಕ್ಕೂ ಎಲ್ಲೆಲ್ಲೋ ಚದುರಿದ ಮಾಹಿತಿ ಕೇಳುತ್ತದೆ. ಡಬ್ಬಿ ಚಿಕ್ಕದಾದರೆ ಪ್ರೊಸೆಸರ್ ಉಗ್ರಾಣಕ್ಕೆ ಓಡಾಡುವುದರಲ್ಲೇ ಹೊತ್ತು ಕಳೆಯುತ್ತದೆ.

2022ರ ಏಪ್ರಿಲ್‌ನಲ್ಲಿ ಎಎಂಡಿ ಕಂಪನಿ ರೈಜೆನ್ 7 5800ಎಕ್ಸ್3ಡಿ ಎಂಬ ಪ್ರೊಸೆಸರ್ ಬಿಡುಗಡೆ ಮಾಡಿತು. ಅದರ ಅಣ್ಣ 5800ಎಕ್ಸ್‌ನಲ್ಲಿ ಎಲ್3 ಕ್ಯಾಶ್ (ಒಳಗಿನ ಡಬ್ಬಿಗಳಲ್ಲಿ ದೊಡ್ಡದು) 32 ಎಂಬಿ ಇತ್ತು. ಹೊಸದರಲ್ಲಿ ಚಿಪ್ ಮೇಲೆ ಇನ್ನೊಂದು ಪದರ ಕೂರಿಸಿ 96 ಎಂಬಿ ಮಾಡಿದರು. ಗರಿಷ್ಠ ವೇಗ ಮಾತ್ರ 4.7ರಿಂದ 4.5 ಗಿಗಾಹರ್ಟ್ಸ್‌ಗೆ ಇಳಿಯಿತು. ಕಾಗದದ ಮೇಲೆ ನಿಧಾನದ ಪ್ರೊಸೆಸರ್, ಆದರೆ ಸಿಮ್ಯುಲೇಟರ್‌ನಲ್ಲಿ ಅಣ್ಣನನ್ನು ಹಿಂದೆ ಹಾಕಿತು. ಆಮೇಲೆ ಬಂದ 7800ಎಕ್ಸ್3ಡಿ, 9800ಎಕ್ಸ್3ಡಿ ಕೂಡ ಇದೇ ದಾರಿಯವು. ಅಂಗಡಿಯಲ್ಲಿ ಗಿಗಾಹರ್ಟ್ಸ್ ಕೇಳುವವರು ಎಲ್3 ಕ್ಯಾಶ್ ಎಷ್ಟು ಅಂತಲೂ ದಯವಿಟ್ಟು ಕೇಳಿ.

ಕಂಪ್ಯೂಟರ್‌ಗೂ ಸಿಮ್ಯುಲೇಟರ್‌ಗೂ ಈ ನಂಟು ಹಳೆಯದು. ಮೈಕ್ರೋಸಾಫ್ಟ್‌ನ ಮೊದಲ ಫ್ಲೈಟ್ ಸಿಮ್ಯುಲೇಟರ್ ಬಂದದ್ದು 1982ರಲ್ಲಿ. ಐಬಿಎಂ ಪಿಸಿಯ ಹಾಗೇ ಇದೆ ಎನ್ನುತ್ತ ಬೇರೆ ಕಂಪನಿಗಳ ಯಂತ್ರಗಳು ಬಂದಾಗ, ಆ ಮಾತು ನಿಜವೋ ಅಲ್ಲವೋ ಅಂತ ತಿಳಿಯಲು ಜನ ಇದನ್ನೇ ಓಡಿಸಿ ನೋಡುತ್ತಿದ್ದರು.

ದುಡ್ಡು ಖರ್ಚು ಮಾಡುವ ಮುಂಚೆ ನಿಮ್ಮ ಈಗಿನ ಕಂಪ್ಯೂಟರ್‌ನಲ್ಲೇ ಒಂದು ಪರೀಕ್ಷೆ ಮಾಡಿ. ದೊಡ್ಡ ನಿಲ್ದಾಣವೊಂದರಲ್ಲಿ ವಿಮಾನ ನಿಲ್ಲಿಸಿ, ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಶನ್ ಇಳಿಸಿ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳು, 1080ಪಿ ಪರದೆಯಲ್ಲಿ ಅದರ ಕಾಲು ಭಾಗ. ಕಾರ್ಡಿನ ಹೊರೆ ಅಷ್ಟು ತಗ್ಗಿದರೂ ಎಫ್‌ಪಿಎಸ್ ಏರದಿದ್ದರೆ ತೊಡಕು ಪ್ರೊಸೆಸರ್‌ನಲ್ಲಿದೆ. ಆಗ 'ಟೆರೇನ್ ಲೆವೆಲ್ ಆಫ್ ಡೀಟೇಲ್' (ನೆಲ ಎಷ್ಟು ವಿವರವಾಗಿ ಕಾಣಬೇಕು ಅನ್ನುವುದು) ಮತ್ತು ಟ್ರಾಫಿಕ್ ಸೆಟ್ಟಿಂಗ್ ಇಳಿಸಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಎಫ್‌ಪಿಎಸ್ ಏರಿದರೆ ಕಾರ್ಡ್ ಬದಲಾಯಿಸುವುದಕ್ಕೆ ಅರ್ಥವಿದೆ. 4ಕೆ ಪರದೆ ಅಥವಾ ವಿಆರ್ ಕನ್ನಡಕ ಇರುವವರಿಗೆ ಹೆಚ್ಚಾಗಿ ಹೀಗೇ ಆಗುತ್ತದೆ. ಅವರು ಕಾರ್ಡಿನ ಸ್ವಂತ ಮೆಮೊರಿ ಎಷ್ಟಿದೆ ಅಂತಲೂ ನೋಡಬೇಕು. ಅದು ತುಂಬಿದರೂ ಗಕ್ ಶುರುವಾಗುತ್ತದೆ.

ಈಗಿನ ಕಾರ್ಡ್‌ಗಳಲ್ಲಿ ಫ್ರೇಮ್ ಜನರೇಷನ್ ಎಂಬುದೂ ಇದೆ. ಎರಡು ನಿಜವಾದ ಚಿತ್ರಗಳ ನಡುವೆ ಕಾರ್ಡ್ ತಾನೇ ಒಂದನ್ನು ಬರೆದು ಸೇರಿಸುತ್ತದೆ. ಕಣ್ಣಿಗೆ ನಯವಾಗಿ ಕಾಣುತ್ತದೆ. ಆದರೆ ಸ್ಟಿಕ್ ಎಳೆದದ್ದು ವಿಮಾನಕ್ಕೆ ಗೊತ್ತಾಗುವುದು ಬೇಗವಾಗುವುದಿಲ್ಲ.

ರ‍್ಯಾಮ್ ವಿಷಯ ಸುಲಭ. ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನ 2024ರ ಆವೃತ್ತಿಗೆ ಕಡೇಪಕ್ಷ 16 ಜಿಬಿ, ಶಿಫಾರಸು 32 ಜಿಬಿ. 32 ಹಾಕಿಸಿ, ಮುಗಿಯಿತು. ಇಂಟರ್ನೆಟ್ ಕೂಡ ಇಲ್ಲಿ ಹಾರ್ಡ್‌ವೇರ್ ಇದ್ದ ಹಾಗೇ. ನೆಲದ ಚಿತ್ರಗಳು ಹಾರುವಾಗಲೇ ಇಳಿದು ಬರುತ್ತವೆ. 2020ರ ಆವೃತ್ತಿಗೆ ಡಿಸ್ಕ್‌ನಲ್ಲಿ 150 ಜಿಬಿ ಜಾಗ ಬೇಕಿತ್ತು, 2024ರದಕ್ಕೆ 50 ಸಾಕು. ಬದಲಿಗೆ ಸೆಕೆಂಡಿಗೆ 50 ಮೆಗಾಬಿಟ್ ಇಂಟರ್ನೆಟ್ ಇರಲಿ ಅನ್ನುತ್ತಾರೆ.

ಜಾಯ್‌ಸ್ಟಿಕ್‌ಗೆ ದುಡ್ಡು ತೆಗೆದಿಡಿ. ಅಗ್ಗದವುಗಳ ಒಳಗೆ ಒಂದು ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜುತ್ತಿರುತ್ತದೆ. ದಿನ ಕಳೆದಂತೆ ಅದು ಸವೆದು, ಧೂಳು ಕೂತು, ಸ್ಟಿಕ್ ಮುಟ್ಟದಿದ್ದರೂ ವಿಮಾನ ಒಂದು ಪಕ್ಕಕ್ಕೆ ವಾಲತೊಡಗುತ್ತದೆ. ಹಾಲ್ ಸೆನ್ಸರ್ ಇರುವ ಸ್ಟಿಕ್‌ನಲ್ಲಿ ಉಜ್ಜುವ ಮಾತೇ ಇಲ್ಲ. ಅಯಸ್ಕಾಂತ ಅಲುಗಿದ್ದನ್ನು ಸೆನ್ಸರ್ ದೂರದಿಂದಲೇ ಅಳೆಯುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮ ಅದು. ಕಾರ್ಡ್‌ನಲ್ಲಿ ಒಂದು ಮೆಟ್ಟಿಲು ಕೆಳಗಿಳಿದಾದರೂ ಇಂಥ ಸ್ಟಿಕ್ ಕೊಳ್ಳಿ ಅಂತ ನಾನು ಹೇಳುತ್ತೇನೆ. ಚಕ್ರ ನೆಲ ಮುಟ್ಟುವ ಹೊತ್ತಿನಲ್ಲಿ ವಿಮಾನ ನಮ್ಮ ಕೈಗೆ ತಿಳಿಯುವುದು ಅದರ ಮೂಲಕವೇ.

ಆರು ತಿಂಗಳು ಕಾದು ಕ್ಯಾಶ್ ಜಾಸ್ತಿ ಇರುವ ಪ್ರೊಸೆಸರ್ ಹಾಕಿಸಿದೆ. ಕಾರ್ಡ್ ಅದೇ, ಸೆಟ್ಟಿಂಗ್ ಅದೇ, ಮುಂಬೈಯ ರನ್‌ವೇಯೂ ಅದೇ. 50 ಅಡಿ, 40, 30. ಸ್ಟಿಕ್ ಎಳೆದ ಕೂಡಲೇ ಮೂತಿ ಎದ್ದಿತು. ಚೌಕದಲ್ಲಿ ಈಗ 'ಲಿಮಿಟೆಡ್ ಬೈ ಜಿಪಿಯು' ಅಂತ ಬರುತ್ತಿದೆ. ಜಿಪಿಯು ಅಂದರೆ ಕಾರ್ಡಿನ ಚಿಪ್. ಕಾರ್ಡಿಗೆ ಕೈತುಂಬ ಕೆಲಸ.